ಬಾಗಿಲಾಚೆ ನಿಂತ ಮುಖ: ಮನೆ ನುಗ್ಗುವ ಹಂತಕರ ಸಿನಿಮಾಗಳೂ ಅವುಗಳ ಹಿಂದಿನ ನಿಜವೂ

ಬೆಳಗಿನ ರೈಲು ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ ಎಂದು ಒಂದೊಂದೇ ನಿಲ್ದಾಣದಲ್ಲಿ ಜನರನ್ನು ತುಂಬಿಕೊಂಡು ಬಂಗಾರಪೇಟೆ ದಾಟಿತೆಂದರೆ ಕೆಜಿಎಫ್‌ನ ದುಡಿಯುವ ಜನ ಬೆಂಗಳೂರಿನ ಕಡೆ ಹೊರಟಂತೆ. 2001ರ ಫೆಬ್ರವರಿ 28ರಂದು ಇಲ್ಲಿನ ಚಿನ್ನದ ಗಣಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಎಷ್ಟೋ ಮನೆಗಳ ಅನ್ನ ಈ ರೈಲಿನ ಮೇಲೆಯೇ ನಿಂತಿದೆ. ಮಧ್ಯಾಹ್ನದ ಹೊತ್ತಿಗೆ ರಾಬರ್ಟ್‌ಸನ್‌ಪೇಟೆಯ ಅಡ್ಡರಸ್ತೆಗಳ ಮನೆಗಳಲ್ಲಿ ಉಳಿಯುವವರು ಹೆಂಗಸರು, ವಯಸ್ಸಾದವರು, ಇನ್ನೂ ಶಾಲೆಗೆ ಹೋಗದ ಮಕ್ಕಳು. ಕುಕ್ಕರ್ ಕೂಗಿ ಸುಮ್ಮನಾಗಿರುತ್ತದೆ, ಟೀವಿಯಲ್ಲಿ ಯಾವುದೋ ಧಾರಾವಾಹಿ ನಡೆಯುತ್ತಿರುತ್ತದೆ. ಆ ಹೊತ್ತಿನಲ್ಲಿ ಯಾರೋ ಕದ ಬಡಿಯುತ್ತಾರೆ.

ಮನೆ ನುಗ್ಗುವ ಹಂತಕರ ಸಿನಿಮಾಗಳು ನಿಂತಿರುವುದೇ ಈ ಸದ್ದಿನ ಮೇಲೆ. ದೆವ್ವದ ಸಿನಿಮಾಕ್ಕೆ ಪಾಳುಬಂಗಲೆ ಬೇಕು, ಕಾಡಿನ ಸಿನಿಮಾಕ್ಕೆ ಕಾಡು ಬೇಕು. ಇಲ್ಲಿ ಬೇಕಾದದ್ದು ನಾವು ದಿನಾ ಮಲಗಿ ಏಳುವ ಮನೆ, ನಾವೇ ಹಾಕಿದ ಚಿಲಕ, ಅದರಾಚೆ ನಿಂತ ಒಬ್ಬ ಅಪರಿಚಿತ. ಪರದೇಶದ ಸಿನಿಮಾಗಳಲ್ಲಿ ಆ ಅಪರಿಚಿತನ ಮುಖಕ್ಕೆ ಮುಖವಾಡ ಇರುತ್ತದೆ. ನಮ್ಮ ಕಡೆ ನಡೆದದ್ದು ಬೇರೆ.

ಪರದೇಶದ ಮುಖವಾಡಗಳು

ಅಮೆರಿಕದ ಟೆಕ್ಸಾಸ್ ಮತ್ತು ಅರ್ಕಾನ್ಸಾ ರಾಜ್ಯಗಳ ಗಡಿಯ ಮೇಲೆ ಟೆಕ್ಸರ್ಕಾನಾ ಎಂಬ ಊರಿದೆ. 1946ರ ಫೆಬ್ರವರಿಯಿಂದ ಮೇವರೆಗೆ ಅಲ್ಲಿ ಎಂಟು ಜನರ ಮೇಲೆ ದಾಳಿಯಾಯಿತು, ಐವರು ಸತ್ತರು. ಮೊದಲ ದಾಳಿಯಲ್ಲಿ ಬದುಕುಳಿದವರು, ದಾಳಿ ಮಾಡಿದವನ ತಲೆಯ ಮೇಲೆ ಕಣ್ಣಿಗೂ ಬಾಯಿಗೂ ತೂತು ಮಾಡಿದ ಬಿಳಿ ಚೀಲದಂಥ ಮುಸುಕಿತ್ತು ಎಂದರು. ಮೊದಮೊದಲು ನಿರ್ಜನ ರಸ್ತೆಯಲ್ಲಿ ಕಾರಿನಲ್ಲಿದ್ದ ಜೋಡಿಗಳನ್ನು ಹಿಡಿಯುತ್ತಿದ್ದ. ಕೊನೆಯ ದಾಳಿ ಮಾತ್ರ ತೋಟದ ಮನೆಯೊಂದರ ಮೇಲೆ ನಡೆಯಿತು. ಮನೆಯಲ್ಲಿ ಕೂತಿದ್ದವನಿಗೆ ಕಿಟಕಿಯಾಚೆಯಿಂದ ಗುಂಡು ಬಿತ್ತು. ಕೊಲೆಗಾರ ಯಾರೆಂದು ನ್ಯಾಯಾಲಯದಲ್ಲಿ ಇವತ್ತಿಗೂ ಸಾಬೀತಾಗಿಲ್ಲ. ಚಾರ್ಲ್ಸ್ ಬಿ. ಪಿಯರ್ಸ್ 1976ರಲ್ಲಿ ಈ ಕಥೆಯನ್ನು ‘ದಿ ಟೌನ್ ದಟ್ ಡ್ರೆಡೆಡ್ ಸನ್‌ಡೌನ್’ ಎಂದು ಸಿನಿಮಾ ಮಾಡಿದ. ಮುಂದೆ ಬಂದ ಎಷ್ಟೋ ಮುಸುಕುಧಾರಿಗಳಿಗೆ ಆ ಬಿಳಿ ಚೀಲವೇ ಹಿರಿಯಣ್ಣ.

1978ರ ‘ಹ್ಯಾಲೋವೀನ್’ನ ಮುಖವಾಡದ ಕಥೆ ಅಗ್ಗದ್ದು. ದುಡ್ಡಿಲ್ಲದ ಚಿತ್ರತಂಡ ಅಂಗಡಿಯಲ್ಲಿ ಸಿಗುತ್ತಿದ್ದ, ‘ಸ್ಟಾರ್ ಟ್ರೆಕ್’ ನಟ ವಿಲಿಯಂ ಶಾಟ್ನರ್ ಮುಖದ ಮುಖವಾಡವೊಂದನ್ನು ಕೊಂಡು, ಕಣ್ಣಿನ ತೂತು ದೊಡ್ಡದು ಮಾಡಿ, ಬಿಳಿ ಬಣ್ಣ ಬಳಿಯಿತು. ಮುಖದಲ್ಲಿದ್ದ ಭಾವವೆಲ್ಲ ಆ ಬಿಳಿಯಲ್ಲಿ ಹೋಯಿತು. ಎದುರಿಗಿದ್ದವನ ಕೋಪವೋ ದಯೆಯೋ ನಮಗೆ ತಿಳಿಯುವುದು ಅವನ ಮುಖದಿಂದ. ಅದು ಮುಚ್ಚಿದಾಗ ಬೇಡಿಕೊಳ್ಳಲೂ ಒಂದು ಜಾಗ ಉಳಿಯುವುದಿಲ್ಲ. ಮುಖವಾಡದ ಭಯ ಇರುವುದು ಇಲ್ಲಿ.

‘ಸ್ಕ್ರೀಮ್’ (1996) ಬರೆದ ಕೆವಿನ್ ವಿಲಿಯಮ್ಸನ್‌ಗೆ ಕಥೆ ಹೊಳೆದದ್ದು ಬೇರೆಯವರ ಮನೆಯಲ್ಲಿ ಒಬ್ಬನೇ ಇದ್ದಾಗ. 1990ರ ಆಗಸ್ಟಿನಲ್ಲಿ ಫ್ಲೋರಿಡಾದ ಗೇನ್ಸ್‌ವಿಲ್‌ನಲ್ಲಿ ಐವರು ವಿದ್ಯಾರ್ಥಿಗಳನ್ನು ಅವರವರ ಮನೆಗಳಲ್ಲೇ ಕೊಂದವನ ಬಗ್ಗೆ ಟೀವಿಯಲ್ಲಿ ನೋಡಿದ, ಆಮೇಲೆ ತಾನಿದ್ದ ಮನೆಯ ಒಂದು ಕಿಟಕಿ ತೆರೆದಿರುವುದನ್ನು ಕಂಡ. ತಾನು ತೆರೆದ ನೆನಪು ಅವನಿಗಿರಲಿಲ್ಲ. ಸಿನಿಮಾದ ಆ ಉದ್ದನೆಯ ಬಿಳಿ ಮುಖವೂ ಅಂಗಡಿಯದೇ, ಚಿತ್ರೀಕರಣಕ್ಕೆ ಜಾಗ ಹುಡುಕುವಾಗ ಒಂದು ಮನೆಯಲ್ಲಿ ಸಿಕ್ಕಿದ್ದು.

ಈ ಪ್ರಕಾರದ ಹೆಸರು ಎತ್ತಿದ ಕೂಡಲೇ ಎಲ್ಲರೂ ಹೇಳುವುದು ‘ದಿ ಸ್ಟ್ರೇಂಜರ್ಸ್’ (2008). ಊರಾಚೆಯ ಒಂಟಿ ಮನೆ, ಒಂದು ಜೋಡಿ, ಅಪರಾತ್ರಿಯಲ್ಲಿ ಕದ ಬಡಿದು ಆ ಮನೆಯಲ್ಲಿ ಇಲ್ಲದ ಯಾರನ್ನೋ ಕೇಳುವ ಹುಡುಗಿ. ಆಮೇಲೆ ಮೂವರು ಬರುತ್ತಾರೆ, ಒಬ್ಬನ ತಲೆಗೆ ಗೋಣಿಚೀಲ, ಇಬ್ಬರು ಹೆಂಗಸರ ಮುಖಕ್ಕೆ ಗೊಂಬೆಯಂಥ ಮುಖವಾಡ. ನಿರ್ದೇಶಕ ಬ್ರಯನ್ ಬರ್ಟಿನೊ ಚಿಕ್ಕವನಿದ್ದಾಗ ಅಪರಿಚಿತರು ಅವನ ಮನೆಗೆ ಬಂದು ಅಲ್ಲಿಲ್ಲದ ಯಾರನ್ನೋ ಕೇಳಿ ಹೋಗಿದ್ದರು. ಅವರು ಹಾಗೆ ಕೇಳಿಕೊಂಡು ಹೋಗಿ, ಯಾರೂ ಕದ ತೆರೆಯದ ಮನೆಗಳನ್ನು ದೋಚುತ್ತಿದ್ದರು ಎಂದು ಆಮೇಲೆ ಗೊತ್ತಾಯಿತು. ಆ ನೆನಪಿಗೆ 1969ರ ಆಗಸ್ಟಿನಲ್ಲಿ ಲಾಸ್ ಏಂಜಲೀಸಿನಲ್ಲಿ ಮ್ಯಾನ್ಸನ್ ಗುಂಪು ನಡೆಸಿದ ಕೊಲೆಗಳ ಓದು ಸೇರಿಕೊಂಡಿತು. ‘ನಿಜ ಘಟನೆಗಳಿಂದ ಪ್ರೇರಿತ’ ಎಂಬ ಸಾಲಿನ ಹಿಂದೆ ಇದ್ದ ಅವನ ಸ್ವಂತ ಅನುಭವ ಇಷ್ಟೇ, ಒಂದು ಕದ, ಒಂದು ಪ್ರಶ್ನೆ.

ಮುಖವಾಡವೇ ಇಲ್ಲದ ಒಂದು ಸಿನಿಮಾವನ್ನು ನಾನು ಇವೆಲ್ಲಕ್ಕಿಂತ ಮೇಲಿಡುತ್ತೇನೆ. ಆಸ್ಟ್ರಿಯಾದ ಮೈಕೇಲ್ ಹಾನೆಕೆ 1997ರಲ್ಲಿ ಮಾಡಿದ ‘ಫನ್ನಿ ಗೇಮ್ಸ್’. ಬಿಳಿ ಕೈಗವಸು ತೊಟ್ಟ ಸಭ್ಯ ಹುಡುಗನೊಬ್ಬ ಬಾಗಿಲಿಗೆ ಬಂದು ಪಕ್ಕದ ಮನೆಯವರು ಮೊಟ್ಟೆ ಕೇಳಿದ್ದಾರೆ ಎನ್ನುತ್ತಾನೆ. ಮನೆಯಾಕೆ ಕೊಡುತ್ತಾಳೆ. ಅಲ್ಲಿಂದಾಚೆಗೆ ಆ ಮನೆಗೆ ಬಿಡುಗಡೆಯಿಲ್ಲ. ಅದನ್ನು ನೋಡುವಾಗ ನನಗೆ ಯೂರೋಪು ನೆನಪಾಗಲಿಲ್ಲ, ಹೊಸಕೋಟೆ ನೆನಪಾಯಿತು.

ದಂಡುಪಾಳ್ಯ

ಕೆಜಿಎಫ್‌ನಿಂದ ಕೋಲಾರದ ಮೇಲೆ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವವರು ಹೊಸಕೋಟೆ ದಾಟುತ್ತಾರೆ. ದಂಡುಪಾಳ್ಯ ಇರುವುದು ಆ ಕಡೆಯೇ. ದಂಡು ಎಂದರೆ ಸೈನ್ಯ, ಪಾಳ್ಯ ಎಂದರೆ ಬೀಡು. 1990ರ ದಶಕದ ಕೊನೆಯ ವರ್ಷಗಳಲ್ಲಿ ಈ ಹೆಸರು ಕೇಳಿದರೆ ಬೆಂಗಳೂರಿನ ಹೊಸ ಬಡಾವಣೆಗಳಿಂದ ಹಿಡಿದು ನಮ್ಮ ಜಿಲ್ಲೆಯ ಹಳ್ಳಿಗಳವರೆಗೆ ಹೆಂಗಸರು ಹಗಲಲ್ಲೇ ಅಗುಳಿ ಹಾಕುವಂತಾಯಿತು.

ಆ ಹೆಸರಿನಿಂದ ಕುಖ್ಯಾತವಾದ, ಮನೆಗಳಿಗೆ ನುಗ್ಗಿ ಕೊಂದು ದೋಚುತ್ತಿದ್ದ ಗುಂಪಿನಲ್ಲಿ ಗಂಡಸರೂ ಇದ್ದರು, ಹೆಂಗಸರೂ ಇದ್ದರು. ಹಲವರು ಒಬ್ಬರಿಗೊಬ್ಬರು ನೆಂಟರು. ಕೂಲಿಯವರಂತೆ ಬಡಾವಣೆಗಳಲ್ಲಿ ಓಡಾಡಿ, ಯಾವ ಮನೆ ಒಂಟಿಯಾಗಿದೆ, ಗಂಡಸರು ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗುತ್ತಾರೆ, ಒಳಗೆ ಯಾರು ಉಳಿಯುತ್ತಾರೆ ಎಂದು ನೋಡಿಕೊಳ್ಳುತ್ತಿದ್ದರು. ಮಧ್ಯಾಹ್ನದ ಬಿಸಿಲಿನಲ್ಲಿ ಒಬ್ಬ ಹೆಂಗಸು ಹೋಗಿ ಕದ ತಟ್ಟುವುದು, ಕುಡಿಯೋಕೆ ಸ್ವಲ್ಪ ನೀರು ಕೊಡಮ್ಮಾ ಎನ್ನುವುದು. ಮನೆಯಾಕೆ ನೀರು ತರಲು ಅಡುಗೆಮನೆಯ ಕಡೆ ತಿರುಗಿದ ಕೂಡಲೇ ಉಳಿದವರು ಒಳಗೆ ನುಗ್ಗುವುದು. ಕತ್ತು ಕುಯ್ಯುವುದು, ಮೈಮೇಲಿನ ಒಡವೆ ಬಿಚ್ಚಿಕೊಳ್ಳುವುದು, ಬೀರು ಬಗೆಯುವುದು.

ಪೊಲೀಸರು ಗುಂಪನ್ನು ಹಿಡಿದ ಮೇಲೆ ಹತ್ತಾರು ಪ್ರಕರಣಗಳು ಅವರ ಮೇಲೆ ದಾಖಲಾದವು. ವಿಚಾರಣೆಗೆಂದೇ ಪರಪ್ಪನ ಅಗ್ರಹಾರದ ಕಾರಾಗೃಹದ ಆವರಣದಲ್ಲಿ ವಿಶೇಷ ನ್ಯಾಯಾಲಯ ನಡೆಯಿತು. ಹಲವರಿಗೆ ಮರಣದಂಡನೆಯಾಯಿತು. ಮೇಲ್ಮನವಿಯಲ್ಲಿ ಹೈಕೋರ್ಟ್ ಕೆಲವು ಶಿಕ್ಷೆಗಳನ್ನು ಜೀವಾವಧಿಗೆ ಇಳಿಸಿತು, ಸಾಕ್ಷ್ಯ ಸಾಲದ ಪ್ರಕರಣಗಳಲ್ಲಿ ಬಿಡುಗಡೆಯನ್ನೂ ಕೊಟ್ಟಿತು. ದಂಡುಪಾಳ್ಯ ಎಂದರೆ ಕೊಲೆಗಳ ಎಣಿಕೆಯನ್ನಷ್ಟೇ ಹೇಳುವವರು ಈ ಎರಡನೆಯ ಭಾಗವನ್ನು ಬಿಟ್ಟುಬಿಡುತ್ತಾರೆ.

ಅದೇ ವರ್ಷಗಳ ಇನ್ನೊಂದು ಹೆಸರು ಉಮೇಶ್ ರೆಡ್ಡಿ. ಚಿತ್ರದುರ್ಗ ಜಿಲ್ಲೆಯವನು, ಪೊಲೀಸ್ ಪೇದೆಯಾಗಿದ್ದವನು. ಅವನೂ ಹಗಲಿನಲ್ಲಿ, ಗಂಡಸರಿಲ್ಲದ ಹೊತ್ತಿನಲ್ಲಿ, ನೀರೋ ವಿಳಾಸವೋ ಕೇಳುವ ನೆಪದಲ್ಲಿ ಬಾಗಿಲಿಗೆ ಬರುತ್ತಿದ್ದ. 1998ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ನಡೆದ ಕೊಲೆಗೆ ಅವನಿಗೆ ಗಲ್ಲು ಶಿಕ್ಷೆಯಾಯಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ವರ್ಷಗಟ್ಟಲೆ ಒಂಟಿ ಸೆರೆಯಲ್ಲಿಟ್ಟದ್ದು ಕಾನೂನಿಗೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಅದನ್ನು ಕನಿಷ್ಠ 30 ವರ್ಷಗಳ ಜೀವಾವಧಿಗೆ ಇಳಿಸಿತು. ಅಮೆರಿಕದಲ್ಲಿ ಮುಸುಕು ಹಾಕಿಕೊಂಡು ಮನೆಗಳಿಗೆ ನುಗ್ಗುತ್ತಿದ್ದ ‘ಗೋಲ್ಡನ್ ಸ್ಟೇಟ್ ಕಿಲ್ಲರ್’ ಜೋಸೆಫ್ ಡಿಏಂಜೆಲೊ ಕೂಡ ಪೊಲೀಸಿನವನೇ. 1970 ಮತ್ತು 80ರ ದಶಕದ ಅವನ ಪಾಪ 2018ರಲ್ಲಿ ವಂಶಾವಳಿ ಹುಡುಕುವ ಡಿಎನ್‌ಎ ಮಾಹಿತಿಯಿಂದ ಬಯಲಾಯಿತು, 13 ಕೊಲೆಗಳನ್ನು ಒಪ್ಪಿಕೊಂಡ. ಯಾರ ಭಯಕ್ಕೆ ಜನ ಠಾಣೆಗೆ ಓಡಬೇಕೋ ಅವನೇ ಒಮ್ಮೆ ಖಾಕಿ ತೊಟ್ಟಿದ್ದ.

ಕೋಲಾರದಲ್ಲಿ ನೀರು ಕೇಳುವುದೆಂದರೆ

ಈ ಕೊಲೆಗಳು ನಮ್ಮ ಕಡೆಯವರನ್ನು ಅಷ್ಟು ಆಳಕ್ಕೆ ಯಾಕೆ ತಟ್ಟಿದವು ಎಂಬುದನ್ನು ಸ್ವಲ್ಪ ನಿಂತು ಹೇಳಬೇಕು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ತುಂಬಿದ ವರ್ಷ ನೀರು, ತುಂಬದ ವರ್ಷ ಟ್ಯಾಂಕರ್. ಕೆಜಿಎಫ್‌ನ ಗಣಿಗೂ ಕಾಲೋನಿಗೂ ನೀರು ಬರುತ್ತಿದ್ದದ್ದು ಪಾಲಾರ್‌ಗೆ ಅಡ್ಡಕಟ್ಟಿದ ಬೇತಮಂಗಲದ ಕೆರೆಯಿಂದ. ನಲ್ಲಿಯಲ್ಲಿ ನೀರು ಬಂದ ದಿನ ಬೀದಿಗೆ ಬೀದಿಯೇ ಎದ್ದು ಕೂರುತ್ತಿತ್ತು. ನೀರಿಗೆ ಇಷ್ಟು ಬರವಿದ್ದ ಊರಿನಲ್ಲೂ ಬಾಯಾರಿ ಬಂದವನಿಗೆ ಇಲ್ಲ ಎಂದವರನ್ನು ನಾನು ಕಂಡಿಲ್ಲ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವ ಸೀಮೆ ಇದು. ಮಡಕೆಯ ಮೇಲೆ ಒದ್ದೆ ಬಟ್ಟೆ ಸುತ್ತಿ, ಒಂದು ಸ್ಟೀಲ್ ಲೋಟ ಕಟ್ಟಿ, ಯಾರು ಏನು ಎಂದು ಕೇಳದೆ ಕುಡಿಸುವ ಜನ.

ಆ ಗುಂಪು ಹಾಕಿಕೊಂಡ ಮುಖವಾಡ ಇದೇ. ರಬ್ಬರಿನದಲ್ಲ, ಗೋಣಿಯದಲ್ಲ. ಬಿಸಿಲಿನಲ್ಲಿ ಬೆವೆತ ಒಬ್ಬ ಹೆಂಗಸಿನ ಮುಖ, ಅಮ್ಮಾ ಎಂಬ ಕರೆ. ಕದ ತೆಗೆದವಳು ಮೋಸಹೋದದ್ದು ಪೆದ್ದುತನದಿಂದಲ್ಲ. ಅವಳ ಅಮ್ಮ, ಅಜ್ಜಿ ಕಲಿಸಿದ್ದ ನಡತೆಯನ್ನು ಅವಳು ನಡೆಸಿದಳು.

ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ಪತ್ರಿಕೆಗಳಲ್ಲಿ ಈ ಸುದ್ದಿ ಬರುತ್ತಿದ್ದ ದಿನಗಳಲ್ಲಿ ಅಮ್ಮ ಮುಂಬಾಗಿಲಿನ ಹೊರಗೆ ಕಬ್ಬಿಣದ ಗ್ರಿಲ್ ಹಾಕಿಸಿದರು. ವೆಲ್ಡಿಂಗ್‌ನವನಿಗೆ ಸೊಂಟದೆತ್ತರಕ್ಕೆ ಒಂದು ಚೌಕ ಬಿಡು ಎಂದರು. ಅವನು ಅಳತೆ ಕೇಳಿದ. ಅಮ್ಮ ಒಳಗೆ ಹೋಗಿ ಹಿತ್ತಾಳೆಯ ಚೊಂಬು ತಂದು ಕಂಬಿಗಳ ನಡುವೆ ಹಿಡಿದು ತೋರಿಸಿದರು. ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಿಕೊಂಡ. ಆಮೇಲೆ ಬೀಗ ತೆಗೆಯದೆ, ಚೌಕದಲ್ಲಿ ಚೊಂಬು ದಾಟಿಸಿ, ಕುಡಿದು ಮುಗಿಸುವವರೆಗೂ ಕಂಬಿಯ ಈಚೆ ನಿಂತಿರುತ್ತಿದ್ದರು. ಎದುರುಮನೆಯ ತಮಿಳರ ಅಕ್ಕ ಅದನ್ನು ನೋಡಿ ತಮ್ಮ ಬಾಗಿಲಿಗೂ ಹಾಗೆಯೇ ಮಾಡಿಸಿದರು. ಗ್ರಿಲ್ ತುಕ್ಕು ಹಿಡಿದಿದೆ, ಆ ಚೌಕ ಇನ್ನೂ ಇದೆ.

ಗಣಿಯ ಹಳೆಯ ಲೈನ್ ಮನೆಗಳಲ್ಲಿ ಇಂಥ ಗ್ರಿಲ್ ಬೇಕಿರಲಿಲ್ಲ ಎಂಬುದನ್ನೂ ಇಲ್ಲೇ ಸೇರಿಸಬೇಕು. ಮೊದಲು ಬಿದಿರಿನ ತಟ್ಟಿ ಮನೆಗಳು, ಆಮೇಲೆ ಗೋಡೆಗೆ ಗೋಡೆ ಅಂಟಿದ ಒಂದೊಂದು ಕೋಣೆಯ ಸಾಲುಗಳು. ಗಂಡಸರು ರಾತ್ರಿ ಶಿಫ್ಟಿಗೆ ಭೂಮಿಯೊಳಗೆ ಇಳಿದಿದ್ದರೂ ಪಕ್ಕದ ಮನೆಯ ಕೆಮ್ಮು ಈ ಮನೆಗೆ ಕೇಳುತ್ತಿತ್ತು. ಬಡತನದ ಇಕ್ಕಟ್ಟು ಅದು, ಹೊಗಳುವಂಥದ್ದಲ್ಲ. ಆದರೂ ಒಂಟಿ ಮನೆ ಎಂಬುದು ಅಲ್ಲಿರಲಿಲ್ಲ. ದಂಡುಪಾಳ್ಯದ ಗುಂಪು ಹುಡುಕುತ್ತಿದ್ದದ್ದು ಸುತ್ತ ಖಾಲಿ ಸೈಟುಗಳಿದ್ದ, ಕಾಂಪೌಂಡಿನ ಮನೆಗಳನ್ನು. ಬೆಂಗಳೂರು ಹಾಗೆ ಹಿಗ್ಗುತ್ತಿದ್ದ ಕಾಲ ಅದು.

‘ನಾಳೆ ಬಾ’

ಅದೇ ದಶಕದಲ್ಲಿ ಕರ್ನಾಟಕದ ಎಷ್ಟೋ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಿನಲ್ಲಿ ಎರಡು ಪದ ಕಾಣಿಸಿಕೊಂಡಿದ್ದವು: ನಾಳೆ ಬಾ. ರಾತ್ರಿ ಒಂದು ದೆವ್ವ ಬಂದು ಮನೆಯವರ ದನಿಯಲ್ಲೇ ಕರೆಯುತ್ತದೆ, ಓಗೊಟ್ಟು ಕದ ತೆರೆದರೆ ಸಾವು. ಬಾಗಿಲ ಮೇಲೆ ಹೀಗೆ ಬರೆದಿದ್ದರೆ ಓದಿಕೊಂಡು ಹಿಂದೆ ಹೋಗುತ್ತದೆ, ಮಾರನೆಯ ದಿನ ಬಂದು ಮತ್ತೆ ಅದನ್ನೇ ಓದುತ್ತದೆ. 2018ರ ಹಿಂದಿ ಸಿನಿಮಾ ‘ಸ್ತ್ರೀ’ ಗೋಡೆಗಳ ಮೇಲೆ ಬರೆಸಿದ ಮಾತಿಗೆ ಮೂಲ ನಮ್ಮ ಈ ನಂಬಿಕೆ.

ಈ ದೆವ್ವ ತನ್ನ ಮುಖ ತೋರಿಸುವುದೇ ಇಲ್ಲ, ನಮ್ಮವರ ದನಿಯನ್ನು ತೊಟ್ಟುಕೊಂಡು ಬರುತ್ತದೆ. ಅಮೆರಿಕದ ಹಂತಕನಿಗೆ ಗುರುತು ಮರೆಸುವ ಮುಖವಾಡ ಬೇಕು, ನಮ್ಮ ಕಥೆಗಳ ಹಂತಕನಿಗೆ ಗುರುತಿನ ಮುಖವಾಡ ಬೇಕು. ಸೀತೆಯ ಗುಡಿಸಿಲಿಗೆ ರಾವಣ ಬಂದದ್ದೂ ಭಿಕ್ಷೆ ಕೇಳುವ ಸನ್ಯಾಸಿಯಾಗಿ. ಗೆರೆ ದಾಟಿಸಿದ್ದು ಅವನ ತೋಳ್ಬಲವಲ್ಲ, ಅತಿಥಿಯನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಅವಳ ಧರ್ಮ.

ತೆರೆಯ ಮೇಲೆ

ಕನ್ನಡದಲ್ಲಿ ಮನೆಯೊಳಗೇ ನಡೆಯುವ ಸಸ್ಪೆನ್ಸ್‌ಗೆ ದಾರಿ ಮಾಡಿದ್ದು ಸುನಿಲ್ ಕುಮಾರ್ ದೇಸಾಯಿಯವರ ‘ತರ್ಕ’ (1989). ಅಗಾಥಾ ಕ್ರಿಸ್ಟಿಯ ನಾಟಕವೊಂದರ ಎಳೆ ಹಿಡಿದ ಕಥೆ, ಶಂಕರ್ ನಾಗ್, ದೇವರಾಜ್, ವನಿತಾ ವಾಸು ಅವರ ನಟನೆ, ಒಂದೂ ಹಾಡಿಲ್ಲ. ಹಾಡಿಲ್ಲದೆ ಸಿನಿಮಾ ಓಡುವುದೇ ಎಂದು ಕೇಳುತ್ತಿದ್ದ ಕಾಲದಲ್ಲಿ ಅದು ಓಡಿತು. ‘ಪುರಿಯಾದ ಪುದಿರ್’ ಎಂದು ತಮಿಳಿಗೂ ಹೋಯಿತು.

ಶ್ರೀನಿವಾಸ ರಾಜು ಅವರ ‘ದಂಡುಪಾಳ್ಯ’ 2012ರಲ್ಲಿ ಬಂತು. ಪೂಜಾ ಗಾಂಧಿ, ಮಕರಂದ್ ದೇಶಪಾಂಡೆ ಗುಂಪಿನವರಾಗಿ ನಟಿಸಿದರು. ತನಿಖಾಧಿಕಾರಿ ಚಲಪತಿಯಾಗಿ ರವಿಶಂಕರ್. ತೆಲುಗಿಗೆ ಡಬ್ ಆಗಿ ಗಡಿಯಾಚೆಯೂ ಗೆದ್ದಿತು. ಪೂಜಾ ಗಾಂಧಿಯವರ ಬೀಡಿ, ಕೆದರಿದ ತಲೆ, ಒರಟು ಮಾತು ಅಲ್ಲಿಯವರೆಗಿನ ಅವರ ಪಾತ್ರಗಳನ್ನೆಲ್ಲ ಅಳಿಸಿಹಾಕಿದವು. ಒಂದು ಮೆಚ್ಚಬೇಕು: ನೀರು ಕೇಳುವ ಆ ಗಳಿಗೆಯನ್ನು ಸಿನಿಮಾ ಸರಿಯಾಗಿ ಹಿಡಿದಿದೆ. ಕದದ ಹೊರಗಿನ ಬಿಸಿಲು, ಒಳಗಿನ ನೆರಳು, ನಡುವೆ ಹೊಸ್ತಿಲು. ಆದರೆ ಕೊಲೆಗಳನ್ನು ಮತ್ತೆ ಮತ್ತೆ, ರಕ್ತ ಚಿಮ್ಮುವವರೆಗೆ ತೋರಿಸಿದ್ದನ್ನು ನಾನು ಒಪ್ಪಲಾರೆ. ನೀರು ತರಲು ಹೋದವಳ ಬದುಕು ಏನಿತ್ತು, ಸಂಜೆ ಮನೆಗೆ ಬಂದ ಮಕ್ಕಳು ಏನು ಕಂಡರು ಎಂಬುದಕ್ಕೆ ಸಿನಿಮಾ ಅಷ್ಟು ಹೊತ್ತು ಕೊಡಲಿಲ್ಲ. ಸತ್ತವರು ನಿಜವಾದವರು, ಅವರ ಮನೆಯವರು ಇದೇ ರಾಜ್ಯದಲ್ಲಿ ಬದುಕಿದ್ದಾರೆ.

1959ರ ನವೆಂಬರ್ 15ರಂದು ಕ್ಯಾನ್ಸಸ್‌ನ ಹೋಲ್ಕಂಬ್‌ನಲ್ಲಿ ಕ್ಲಟರ್ ಕುಟುಂಬದ ನಾಲ್ವರು ತಮ್ಮ ಮನೆಯಲ್ಲೇ ಕೊಲೆಯಾದರು. ಟ್ರೂಮನ್ ಕಪೋಟೆ ಅದರ ಮೇಲೆ ‘ಇನ್ ಕೋಲ್ಡ್ ಬ್ಲಡ್’ ಬರೆದ. 1967ರ ಸಿನಿಮಾವನ್ನು ಅದೇ ಮನೆಯಲ್ಲಿ ಚಿತ್ರೀಕರಿಸಿದರು. ನಿಜವಾಗಿ ಸತ್ತವರ ಸಾವನ್ನು ತೆರೆಯ ಮೇಲೆ ನೋಡುವಾಗ ಅಲ್ಲಿಯೂ ನನಗೆ ಇದೇ ಸಂಕಟ.

‘ದಂಡುಪಾಳ್ಯ’ದ ಮುಂದಿನ ಭಾಗಗಳು ‘2’ (2017), ‘3’ (2018) ಎಂಬ ಹೆಸರಿನಲ್ಲಿ ಬಂದವು. ಎರಡನೆಯದರಲ್ಲಿ ಶ್ರುತಿ ಹರಿಹರನ್ ಪತ್ರಕರ್ತೆಯಾಗಿ ಕೈದಿಗಳ ಮಾತು ಕೇಳಲು ಜೈಲಿಗೆ ಹೋಗುತ್ತಾಳೆ. ತಪ್ಪೊಪ್ಪಿಗೆಗಳು ಹೊಡೆತದಿಂದ ಬಂದವೇ ಎಂಬ ಪ್ರಶ್ನೆ ಏಳುತ್ತದೆ. ಕಸುಬಿನಲ್ಲಿ ಮೊದಲನೆಯದಕ್ಕಿಂತ ಸಡಿಲವಾದ ಸಿನಿಮಾ, ಪ್ರಶ್ನೆ ಮಾತ್ರ ತೂಕದ್ದು.

ತಮಿಳು ಆಡುವ ಕೆಜಿಎಫ್‌ಗೆ ಹತ್ತಿರದ ಇನ್ನೊಂದು ಸಿನಿಮಾ ಎಚ್. ವಿನೋದ್ ಅವರ ‘ತೀರನ್ ಅಧಿಗಾರಂ ಒಂಡ್ರು’ (2017). ಹೆದ್ದಾರಿ ಪಕ್ಕದ ಮನೆಗಳಿಗೆ ರಾತ್ರಿ ನುಗ್ಗಿ ಕೊಂದು ದೋಚುತ್ತಿದ್ದ ಉತ್ತರ ಭಾರತದ ಗುಂಪು, ಅದನ್ನು ಹಿಡಿಯಲು ತಮಿಳುನಾಡು ಪೊಲೀಸರು ನಡೆಸಿದ ಬೇಟೆ. 2005ರ ಜನವರಿಯಲ್ಲಿ ಶಾಸಕರೊಬ್ಬರನ್ನೇ ಅವರ ಮನೆಯಲ್ಲಿ ಕೊಂದ ಮೇಲೆ ಆ ತನಿಖೆ ಬಿಗಿಯಾಗಿತ್ತು. ಸಿನಿಮಾದಲ್ಲಿ ಒಂದಿಡೀ ಬುಡಕಟ್ಟಿಗೆ ಅಪರಾಧದ ಹಣೆಪಟ್ಟಿ ಹಚ್ಚಿದ್ದಾರೆಂದು ಆಕ್ಷೇಪ ಬಂತು. ಬರಬೇಕಾದದ್ದೇ. 1871ರ ಕಾಯ್ದೆಯಲ್ಲಿ ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿಗಳೆಂದು ಬರೆದಿಟ್ಟ ಸಮುದಾಯಗಳಿಗೆ ಆ ಹಣೆಪಟ್ಟಿ ಕಾಗದದಲ್ಲಿ ಕಳಚಿದ್ದು 1952ರಲ್ಲಿ, ಠಾಣೆಯ ಕಣ್ಣಿನಲ್ಲಿ ಇನ್ನೂ ಕಳಚಿಲ್ಲ.

ಹಗಲು, ರಾತ್ರಿ, ಕಾನೂನು

ಮನೆಗೆ ಕನ್ನ ಹಾಕುವವನನ್ನು ನಮ್ಮ ಕಾನೂನು ರಾತ್ರಿಯ ಪ್ರಾಣಿಯಾಗಿಯೇ ಕಂಡಿದೆ. 1860ರ ದಂಡ ಸಂಹಿತೆಯಲ್ಲಿ ಹಗಲು ಮನೆ ಮುರಿದವನಿಗೆ 2 ವರ್ಷದವರೆಗೆ ಸೆರೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮೊದಲು ಮುರಿದವನಿಗೆ 3 ವರ್ಷದವರೆಗೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಈ ಭೇದವನ್ನು ಉಳಿಸಿಕೊಂಡಿದೆ. ಐದು ಅಥವಾ ಹೆಚ್ಚು ಜನ ಸೇರಿ ಸುಲಿಗೆ ಮಾಡಿದರೆ ಅದು ದರೋಡೆ, ಹಿಂದೆ ಸೆಕ್ಷನ್ 391, ಈಗ 310. ದರೋಡೆಯಲ್ಲಿ ಒಬ್ಬ ಕೊಂದರೂ ಜೊತೆಗಿದ್ದ ಎಲ್ಲರಿಗೂ ಮರಣದಂಡನೆಯವರೆಗೆ ಶಿಕ್ಷೆಯಾಗಬಹುದು. ದಂಡುಪಾಳ್ಯದವರು ಬಂದದ್ದು ಕಾನೂನು ಕಡಿಮೆ ಹೆದರುವ ಹೊತ್ತಿನಲ್ಲಿ, ಪಟ್ಟಹಗಲಲ್ಲಿ.

ಮುಸುಕು ಹಾಕುವವರು ನಮ್ಮಲ್ಲಿ ಇಲ್ಲವೆಂದಲ್ಲ. 2024ರ ಜುಲೈನಲ್ಲಿ ಮಂಗಳೂರಿನಲ್ಲಿ ‘ಚಡ್ಡಿ ಗ್ಯಾಂಗ್’ ವೃದ್ಧ ದಂಪತಿಯ ಮನೆಗೆ ನುಗ್ಗಿ ಹೊಡೆದು ದೋಚಿತು, ಅದೇ ದಿನ ಸಕಲೇಶಪುರದ ಬಳಿ ಸಿಕ್ಕಿಬಿತ್ತು.

ಒಂದು ಊರಿನ ಹೆಸರು

ಟೆಕ್ಸರ್ಕಾನಾದವರು ತಮ್ಮೂರಿನ ಕೊಲೆಗಳ ಸಿನಿಮಾವನ್ನು ವರ್ಷಕ್ಕೊಮ್ಮೆ ಪಾರ್ಕಿನಲ್ಲಿ ತೆರೆ ಕಟ್ಟಿ, ಊರೆಲ್ಲ ಕೂತು ನೋಡುತ್ತಾರೆ. ಕೊಲೆಗಾರ ಯಾರೋ ಒಬ್ಬ ಹೆಸರಿಲ್ಲದವನು, ಊರಿನ ಹೆಸರಿಗೆ ಮಸಿಯಿಲ್ಲ. ದಂಡುಪಾಳ್ಯಕ್ಕೆ ಆ ಸೌಲಭ್ಯ ಸಿಗಲಿಲ್ಲ. ಕೆಲವರ ಪಾಪಕ್ಕೆ ಪೊಲೀಸರ ಕಡತ, ಪತ್ರಿಕೆ, ಪೋಸ್ಟರ್ ಎಲ್ಲವೂ ಊರಿನ ಹೆಸರನ್ನೇ ಬಳಸಿದವು. ಹೊಲ ಉಳುವವರು, ಹಾಲು ಹಾಕುವವರು, ಹೊಸಕೋಟೆಯ ಸ್ಕೂಲಿಗೆ ಬ್ಯಾಗು ಹೊತ್ತು ಹೋಗುವ ಮಕ್ಕಳು ಅಲ್ಲಿಯೂ ಇದ್ದಾರೆ. ಅರ್ಜಿಯಲ್ಲಿ ಊರು ಎಂಬ ಕಡೆ ಅವರು ಬರೆಯಬೇಕಾದದ್ದು ಅದೇ ನಾಲ್ಕಕ್ಷರ. ಕೌಂಟರಿನಾಚೆ ಕೂತವರು ಅದನ್ನು ಓದಿ, ತಲೆಯೆತ್ತಿ ಅವರ ಮುಖವನ್ನು ಇನ್ನೊಮ್ಮೆ ನೋಡುತ್ತಾರೆ.